ಮಾತಾಡಿಸಿ ಬರುವುದು

ಬಂಡು ನಡೆಸುತ್ತಿದ್ದ ಗುಂಪಿಗೆ ಏಳು ನಿಯಮಗಳಿದ್ದವು. ಏಳನ್ನೂ ಬರೆದವನು ಬಂಡುವೇ.

ಗುಂಪೆಂದರೆ ಇ-ಮೇಲಿನ ಗುಂಪು. ಕಲಬುರಗಿಯಲ್ಲಿ ಹುಟ್ಟಿ ಪುಣೆ, ಹೈದರಾಬಾದ್, ಜೆಡ್ಡಾ ಸೇರಿದವರು, ಎಲ್ಲಿಗೂ ಹೋಗದೆ ಇಲ್ಲೇ ಉಳಿದವರು, ಎಲ್ಲರೂ ಕೂಡಿ ಹರಟುವ ಜಾಗ. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು. ಅದು 2006ನೇ ಇಸವಿ. ಕನ್ನಡದ ಅಕ್ಷರ ಅರ್ಧ ಕಂಪ್ಯೂಟರುಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದ ಕಾಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದರು. ಯಾವ ಟಾಕೀಜಿನ ಕುರ್ಚಿಯಲ್ಲಿ ತಿಗಣೆ ಹೆಚ್ಚಿದ್ದವು, ಯಾವ ಹೋಟೆಲಿನ ಮಂಡಕ್ಕಿ ಸೂಸಲಾ ಖಾರ, ಇಂಥವೇ ಮಾತು. ಒಂದು ಸಲ ಮಾತು ಜಾತಿಗೆ ಹೊರಳಿ, ಬೈಗುಳಕ್ಕೆ ಇಳಿದು, ಗುಂಪೇ ಒಡೆಯುವ ಹಾಗಾಯಿತು. ಆಗ ಬಂಡು ನಿಯಮ ಬರೆದು ಹಾಕಿದ. ಇಬ್ಬರನ್ನು ಹೊರಗೂ ಹಾಕಿದ. ಜಗಳ ನಿಂತಿತು. ಹಿರಿಯರೆಲ್ಲ ಭೇಷ್ ಅಂದರು. ಅಂದಿನಿಂದ ಅವನಿಗೆ ಗುಂಪಿಗಿಂತ ನಿಯಮಗಳ ಮೇಲೆಯೇ ಹೆಚ್ಚು ಮಮತೆ.

ಸೇಡಂ ರಸ್ತೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬಂಡು ಪಾಠ ಹೇಳುತ್ತಿದ್ದ. ವಯಸ್ಸು ಇಪ್ಪತ್ತಾರು. ಹಿಂದಿನ ವರ್ಷ ಅವನ ತರಗತಿಗೆ ಕಮಲಾಪುರದಿಂದ ದೌಲಪ್ಪ ಬಂದು ಸೇರಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಮೀಸೆ ಮೂಡದ ಹುಡುಗರ ನಡುವೆ ಮೊದಲ ಸಾಲಿನಲ್ಲಿ ಕುಳಿತು, "ಸರ್ರ, ಈ ಬಾಣ ಎಲ್ಲಿ ಓಡಿ ಹೋತ್ರಿ?" ಎಂದು ಪರದೆಯನ್ನೆಲ್ಲ ಹುಡುಕುತ್ತಿದ್ದರು. ಮನೆಗೊಂದು ಕಂಪ್ಯೂಟರ್ ತಂದು, ಟೆಲಿಫೋನ್ ತಂತಿ ಜೋಡಿಸಿಕೊಂಡ ಮೇಲೆ ಅವರನ್ನು ಗುಂಪಿಗೆ ಸೇರಿಸಿದವನೂ ಬಂಡುವೇ. ಗುಂಪಿನವರಿಗೆಲ್ಲ ಅವರೆಂದರೆ ಇಷ್ಟವಾಯಿತು. ಕೋರ್ಸು ಮುಗಿದ ಮೇಲೂ ಆಗಾಗ ಬರುತ್ತಿದ್ದರು. ಬಂದಾಗಲೆಲ್ಲ ಅವರ ಹೆಂಡತಿ ಚಂದಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು "ನಿಮ್ಮ ಸರ್‌ಗ ಕೊಡ್ರಿ" ಎಂದು ಕಳಿಸಿರುತ್ತಿದ್ದಳು. ಬಂಡು ಆಕೆಯನ್ನು ನೋಡಿರಲಿಲ್ಲ. ಹಣ್ಣು ತಿಂದಿದ್ದ.

ಚಂದಮ್ಮ ತೀರಿಕೊಂಡಳೆಂದು ದೌಲಪ್ಪ ಗುಂಪಿಗೆ ಎರಡು ಸಾಲು ಬರೆದರು. ಬಂಡು 'ಓಂ ಶಾಂತಿ' ಎಂದು ಒತ್ತಿದ. ಉಳಿದವರೂ ಅಷ್ಟಿಷ್ಟು ಬರೆದರು. ಕೆಲವರು, ಹೇಗಾಯಿತು ಕಾಕಾ, ಎಂದು ಕೇಳಿದರು.

ಕೇಳಿದವರಿಗೂ ಕೇಳದವರಿಗೂ, ಒಬ್ಬೊಬ್ಬರಿಗೂ, ದೌಲಪ್ಪ ಉತ್ತರ ಬರೆಯತೊಡಗಿದರು. ಒಂದೊಂದೂ ಎರಡು ಪುಟದಷ್ಟು ಉದ್ದ. ಎಲ್ಲವೂ ಗುಂಪಿಗೇ ಬರುತ್ತಿದ್ದವು. ಎಲ್ಲವೂ 'ಸೋಮವಾರ ಮುಂಜಾನಿ ರೊಟ್ಟಿ ಬಡಿಯಾಕತ್ತಿದ್ದಳು' ಎಂದೇ ಶುರುವಾಗುತ್ತಿದ್ದವು. ಮೂರು ದಿನ, ನಾಲ್ಕು ದಿನ, ಇದೇ. ಪುಣೆಯವನೊಬ್ಬ ತನ್ನ ಮೇಲ್ ಡಬ್ಬಿ ತುಂಬಿಹೋಯಿತೆಂದು ಬಂಡುವಿಗೆ ದೂರು ಕೊಟ್ಟ. ಬಂಡುವಿನ ಕೈ ತುರಿಸಿತು. ಗುಂಪಿಗೇ ಬರೆದ:

'ದೌಲಪ್ಪನವರೇ, ಒಂದೇ ಪತ್ರ ಕಾಪಿ ಮಾಡಿ ಎಲ್ಲರಿಗೂ ಅಂಟಿಸುವುದನ್ನು ನಿಲ್ಲಿಸಿ. ಐದನೆಯ ನಿಯಮ ನೋಡಿ: ಬರೆದದ್ದನ್ನೇ ಮತ್ತೆ ಬರೆಯಬಾರದು. ತೀರಿಕೊಂಡವರು ಒಮ್ಮೆಯೇ ತೀರಿಕೊಂಡಿರುತ್ತಾರೆ.'

ಕೊನೆಯ ಸಾಲು ಅವನಿಗೇ ಹಿಡಿಸಿತ್ತು. ಕಳಿಸುವ ಮುಂಚೆ ಎರಡು ಸಲ ಓದಿಕೊಂಡಿದ್ದ. ಪುಣೆಯವನು 'ಹಹಹ' ಎಂದು ಬರೆದ. ಮತ್ತಿಬ್ಬರು ನಕ್ಕರು. ದೌಲಪ್ಪನವರಿಂದ ಆಮೇಲೆ ಒಂದಕ್ಷರ ಬರಲಿಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನೂರಜಹಾನ್ ಅವನ ಟೇಬಲ್ಲಿನ ಮುಂದೆ ಬಂದು ನಿಂತಳು. ಕೇಂದ್ರದಲ್ಲಿ ಅಕೌಂಟ್ಸ್ ಹೇಳಿಕೊಡುವವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು, ಆಳಂದದ ಮಗಳು. ಗುಂಪಿನಲ್ಲೂ ಇದ್ದಳು. ಊರಲ್ಲಿ ಮದುವೆಯೆಂದು ರಜೆ ಹೋಗಿ ಅವತ್ತಷ್ಟೇ ಬಂದಿದ್ದಳು.

"ಮಾಸ್ತರ್ ಸಾಬ್ ಬರದದ್ದು ಓದಿದಿಯೇನು, ಬಂಡು?"

"ಓದೀನಿ ಆಪಾ. ಮೊದಲಿಂದು. ಉಳಿದವೆಲ್ಲ ಕಾಪಿ."

"ಕಾಪಿ ಅಂತ ಯಾರ್ ಹೇಳ್ಯಾರ ನಿನಗ?"

"ಮೊದಲನೇ ಸಾಲ ನೋಡಿದ್ರ ತಿಳೀತದಲ್ಲ."

"ಹೌದಾ? ಹುಡುಗರ ಪೇಪರೂ ಹಿಂಗ ತಿದ್ತೀಯೇನು, ಮೊದಲನೇ ಸಾಲ ನೋಡಿ?" ಅಂದಳು. "ನನಗ ಬರದದ್ದು ತೆಗಿ. ಕುಂತು ಓದು. ನಾ ಇಲ್ಲೇ ನಿಂತಿರ್ತೀನಿ."

ಬಂಡು ತೆಗೆದ. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಗೋಡೆಗೆ ಒರಗಿದ್ದು, ಕಲಬುರಗಿಯ ಡಾಕ್ಟರರು ಸೋಲಾಪುರಕ್ಕೆ ಒಯ್ಯಿರಿ ಅಂದದ್ದು, ಅಲ್ಲಿಯವರೆಗೆ ಅವನು ಓದಿದ್ದ ಕಥೆಯೇ. ಅದರ ಮುಂದೆ ಹೀಗಿತ್ತು: ನಿಮ್ಮ ಆಳಂದದಾಗ ಜೀಪು ನಿಂತಿತ್ತು, ಬೇಟಿ. ದರ್ಗಾದ ಕಡೆಯಿಂದ ಒಬ್ಬ ಹೆಣ್ಣುಮಗಳು ತಂಬಿಗೆ ತುಂಬ ನೀರು ತಂದಳು. ಯಾರು ಏನು ಅಂತ ಕೇಳಲಿಲ್ಲ. ನಮ್ಮಾಕಿ ನಿಮ್ಮ ಊರಿನ ನೀರು ಎರಡು ಗುಟುಕು ಕುಡಿದಳು. ಅದೇ ಕಡೀದು.

ಪುಣೆಯವನಿಗೆ ಬರೆದದ್ದನ್ನು ತೆಗೆದ. ಅದರಲ್ಲಿ ಆಳಂದದ ನೀರಿರಲಿಲ್ಲ. ಸೋಲಾಪುರದ ಆಸ್ಪತ್ರೆಯಲ್ಲಿ ಮರಾಠಿ ಬಾರದೆ ತಾನು ಪರದಾಡಿದ್ದು, ನಿಮ್ಮಂಥ ಒಬ್ಬ ಹುಡುಗ ಜೊತೆಗಿದ್ದಿದ್ದರೆ ಡಾಕ್ಟರ್ ಹೇಳಿದ್ದಾದರೂ ತಿಳಿಯುತ್ತಿತ್ತು ಎಂದಿತ್ತು. ಉಳಿದವನ್ನೂ ಒಂದೊಂದಾಗಿ ಓದಿದ. ಒಂದೂ ಕಾಪಿಯಲ್ಲ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುವ ಮನುಷ್ಯ, ಕೇಳಿದವರ ಮುಖ ನೆನೆದು ಪ್ರತಿಯೊಬ್ಬರಿಗೂ ಮತ್ತೆ ಮೊದಲಿನಿಂದ ಹೇಳಿದ್ದರು.

ಬಂಡುವಿಗೆ ಬರೆದದ್ದೂ ಇತ್ತು. 'ಸರ್ರ, ನಿಮಗ ಕಳಿಸಬೇಕಂತ ಆಕಿ ಹಣ್ಣಾಗಾಕ ಇಟ್ಟಿದ್ದ ಬಾಳಿಹಣ್ಣು ಆ ಗದ್ದಲದಾಗ ಕರ್ರಗಾಗಿ ಹೋದವು. ತಪ್ಪು ತಿಳಕೋಬ್ಯಾಡ್ರಿ.' ಅವನು ತೆರೆದೇ ಇರಲಿಲ್ಲ.

"ಹೇಳೂದಿತ್ತಂದ್ರ ಅವರೊಬ್ಬರಿಗೇ ಬರೀಬೇಕಿತ್ತು," ಅಂದಳು ನೂರಜಹಾನ್. "ನಿನ್ನ ಮೊದಲನೇ ನಿಯಮ ಅದಲ್ಲೇನು? ಯಾರದರ ತಪ್ಪು ಕಂಡ್ರ ಅವರಿಗಷ್ಟ ಹೇಳ್ರಿ ಅಂತ?"

ಹೌದು, ಅದೇ ಮೊದಲನೆಯದು. ಬಂಡು ಪರದೆ ನೋಡುತ್ತ ಕುಳಿತ.

ಮನೆಯಲ್ಲಿ ತಾಯಿ ತುಂಗಾಬಾಯಿಗೆ ಅರ್ಧಂಬರ್ಧ ಹೇಳಿದ. ಆಕೆಗೆ ಇ-ಮೇಲ್ ತಿಳಿಯಲಿಲ್ಲ, ಉಳಿದದ್ದೆಲ್ಲ ತಿಳಿಯಿತು.

"ಅವರ ಹೆಂಡತಿ ಹೋಗ್ಯಾಳ, ಕಮಲಾಪುರ ಇಲ್ಲೇ ಅದ, ನೀ ಮಾತಾಡಿಸಿ ಬಂದಿಲ್ಲ?"

"ಗುಂಪಿನ್ಯಾಗ ಬರದಿದ್ದೆ, ಆಯಿ."

"ಬರದಿದ್ದೆ ಅಂತ! ನಿಮ್ಮಪ್ಪ ಹೋದಾಗ ಬಂದ ಬಂದವರಿಗೆಲ್ಲ ನಾ ಹೇಳಿದ್ದ ಹೇಳೀನಿ. ಹಾಲಿನವನಿಗೆ ಸುದ್ಧಾ ಕೂಡಿಸಿ ಹೇಳೀನಿ. ನೀ ಆಗ ಬಾಗಲದಾಗ ನಿಂತು ಕೇಳ್ತಿದ್ದಿ. ಬಾಯಿ ಮುಚ್ಚು ಅಂತ ಯಾರರ ಅಂದಿದ್ರೇನು ನನಗ?"

ಯಾರೂ ಅಂದಿರಲಿಲ್ಲ. ಹೇಳುತ್ತ ಹೇಳುತ್ತ ಆಯಿಯ ದನಿ ಹನ್ನೆರಡನೆಯ ದಿನದ ಹೊತ್ತಿಗೆ ಸ್ವಲ್ಪ ಗಟ್ಟಿಯಾದದ್ದು ಬಂಡುವಿಗೆ ನೆನಪಿತ್ತು. ಗೊತ್ತಿಲ್ಲದೆ ಮಾಡಿದೆ ಎಂದುಕೊಳ್ಳುವ ದಾರಿಯೂ ಮುಚ್ಚಿತು.

"ನಾಳೆ ಹೋಗು," ಅಂದಳು ತುಂಗಾಬಾಯಿ. "ಹೋದಕೂಡಲೆ ನಮಸ್ಕಾರ ಅನಬ್ಯಾಡ. ಹ್ಯಾಂಗಾತು ಅಂತ ಕೇಳು. ಅವರು ಹೇಳೂತನಕ ಕೂಡು. ಏಳೋವಾಗ ಬರ್ತೀನಿ ಅನಬ್ಯಾಡ, ಸುಮ್ಮ ಎದ್ದು ಬಾ. ಅಂಥಾ ಮನಿಗೆ ಮತ್ತ ಬರ್ತೀನಿ ಅನಬಾರದು."

ಮರುದಿನ ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಹಿಡಿದ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿದ. ಜೋಡಿಸಿದ್ದೆಲ್ಲ ಗುಂಪಿಗೆ ಬರೆದ ನೋಟೀಸಿನ ಹಾಗೆ ಕೇಳುತ್ತಿತ್ತು. ಅವರು ಬೈದರೆ ಒಳ್ಳೆಯದು ಅನಿಸಿತು. ಬೈಸಿಕೊಂಡು, ಮತ್ತೆ ಗುಂಪಿಗೆ ಬರೆಯಿರಿ ಎಂದು ಒಪ್ಪಿಸಿ ಬಂದರೆ ಮುಗಿಯುತ್ತದೆ. ಅವನಿಗೆ ಬೇಕಿದ್ದದ್ದು ಅಷ್ಟೇ, ಮುಗಿಯುವುದು.

ಮನೆಯ ಕಟ್ಟೆಯ ಮೇಲೆ ದೌಲಪ್ಪನವರ ತಂಗಿ ಭಾಗಮ್ಮ ಕುಳಿತಿದ್ದಳು.

"ಯಾರ ಪೈಕಿ, ತಮ್ಮಾ?"

"ಕಲಬುರ್ಗಿಯವ ರೀ. ಕಾಕಾಗ ಕಂಪ್ಯೂಟರ್ ಕಲಿಸಿದವ."

"ಒಳಗ ಹೋಗು. ನಿನ್ನ ಕೂಡರ ಮಾತಾಡ್ತಾನೇನು ನೋಡು." ದನಿ ತಗ್ಗಿಸಿದಳು. "ಮೊದಲಿಗೆ ಬಂದವರಿಗೆಲ್ಲ ಹೇಳ್ತಿದ್ದ, ಅಳ್ತಿದ್ದ, ಹಗುರ ಆಗ್ತಿದ್ದ. ಈಗ ಯಾರ್ ಬಂದ್ರೂ ಒಂದ ಮಾತು. ನಿನ್ನೆ ಬೀಗರು ಬಂದಿದ್ರು. ಮಾತಾಡಸಾಕ ಬಂದವರು ಗ್ವಾಡಿ ನೋಡ್ಕೋತ ಕುಂತು ಎದ್ದು ಹೋದರು. ಏನಾಗ್ಯದೋ ಏನೋ ಅವಂಗ."

ಏನಾಗಿದೆಯೆಂದು ಬಂಡುವಿಗೆ ಗೊತ್ತಿತ್ತು. ಒಳಗೆ ಹೋದ.

ದೌಲಪ್ಪ ಜಮಖಾನೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಗಡ್ಡ ಬೆಳೆದಿತ್ತು. ಮೂಲೆಯ ಕಂಪ್ಯೂಟರಿಗೆ ಟವೆಲ್ ಹೊದಿಸಿತ್ತು. ಅವನನ್ನು ಕಂಡು ಎದ್ದು ನಿಲ್ಲಲು ನೋಡಿದರು.

"ಬರ್ರಿ ಸರ್. ಕೂಡ್ರಿ."

ಬಂಡು ಕುಳಿತ. ಆಯಿ ಹೇಳಿಕೊಟ್ಟದ್ದನ್ನು ಕೇಳಿದ: "ಹ್ಯಾಂಗಾತ್ರಿ, ಕಾಕಾ?"

"ಸೋಲಾಪುರದಾಗ ಹೋದಳ್ರಿ."

ಮುಗಿಯಿತು. ಹಿತ್ತಲಲ್ಲಿ ಯಾರೋ ಕೊಡ ತೊಳೆಯುವ ಸದ್ದು ಕೇಳುತ್ತಿತ್ತು. ಬಂಡು ಕಾದ.

"ಕಾಕಾ, ನಾ ಗುಂಪಿನ್ಯಾಗ ಬರದದ್ದು..."

"ಬರೋಬ್ಬರಿ ಬರದೀರಿ." ದೌಲಪ್ಪ ಅವಸರದಿಂದ ಅಂದರು. "ತಪ್ಪು ನಂದೇ ರೀ. ನಂಗ ಅಲ್ಲಿ ಪದ್ಧತಿ ಗೊತ್ತಿರಲಿಲ್ಲ. ಮಂದಿ ಹ್ಯಾಂಗಾತು ಅಂತ ಕೇಳಿದ್ರು, ಕೇಳಿದವರಿಗೆ ಹೇಳಬೇಕಲ್ಲ ಅಂತ ಹೇಳಿದೆ. ನೀವು ಕಲಿಸಿದವರು, ತಿದ್ದಿದ್ರಿ. ಒಂದ ಸಲ ಹೇಳಿದ್ರ ಸಾಕು ಅನ್ನೋದು ಖರೇನ ಅದ. ಎಲ್ಲಾರಿಗೂ ಎಷ್ಟಂತ ತ್ರಾಸ ಕೊಡೋದು?"

ಅವರು ಚುಚ್ಚುತ್ತಿದ್ದಾರೆಯೇ ಎಂದು ಬಂಡು ಮುಖ ನೋಡಿದ. ಇಲ್ಲ. ತರಗತಿಯಲ್ಲಿ, "ಹಿಂಗಲ್ಲ ಕಾಕಾ, ಮೊದಲು ಸೇವ್ ಮಾಡ್ರಿ," ಎಂದಾಗ ತಲೆಯಾಡಿಸುತ್ತಿದ್ದ ಮುಖವೇ ಅದು. ಚುಚ್ಚಿದ್ದರೆ ಸಹಿಸಬಹುದಿತ್ತು. ಕ್ಷಮೆ ಕೇಳಲು ಬಂದವನ ಕೈಯಿಂದ 'ತಪ್ಪು ನಂದೇ' ಎಂಬ ಮಾತನ್ನೂ ಅವರೇ ತೆಗೆದುಕೊಂಡಿದ್ದರು.

"ಕಾಕಾ, ನಾ ಓದಿರಲಿಲ್ಲ. ಒಂದ ಸಾಲ ನೋಡಿ ಕಾಪಿ ಅಂದೆ. ನಿನ್ನೆ ಎಲ್ಲಾ ಓದಿದೆ."

"ಎಲ್ಲಾ ಓದಿದ್ರೇನು?"

"ಹೌದ್ರಿ. ನೀವೇ ಈಗ ಹೇಳ್ರಿ. ನಾ ಕೇಳ್ತೀನಿ."

"ಎಲ್ಲಾ ಓದೀರಿ ಅಂದ ಮ್ಯಾಲ ಹೇಳೋದು ಏನ್ ಉಳೀತ್ರಿ, ಸರ್?"

ಆಗಲೇ ಬಾಗಿಲಲ್ಲಿ ಒಬ್ಬ ಮುದುಕಿ ಕಾಣಿಸಿಕೊಂಡಳು. ಹಳ್ಳಿಯಿಂದ ಬಂದ ದೌಲಪ್ಪನವರ ಸೋದರತ್ತೆ. ಹೊಸ್ತಿಲು ದಾಟುವ ಮೊದಲೇ ಸೆರಗು ಬಾಯಿಗಿಟ್ಟು ಅಳು ತೆಗೆದಳು. ದೌಲಪ್ಪನವರ ಎದುರು ಕುಸಿದು ಕೂತು ಅವರ ಮೊಣಕಾಲು ಹಿಡಿದಳು.

"ಹ್ಯಾಂಗಾತೋ ದೌಲ್ಯಾ? ಅಂಥಾ ಗಟ್ಟಿಮುಟ್ಟ ಹೆಣ್ಮಗಳು ಹ್ಯಾಂಗ ಹೋದಳೋ?"

"ಸೋಲಾಪುರದಾಗ ಹೋದಳು, ಅತ್ತಿ."

"ಅದು ಊರಿಗೆಲ್ಲಾ ಗೊತ್ತದ! ಹ್ಯಾಂಗ ಹೋದಳು ಅಂತ ಕೇಳಾಕತ್ತೀನಿ. ನಾ ಬಸ್ ಹತ್ತಿ ಬಂದೀನೋ, ನನಗ ಹೇಳಬಾರದೇನು?"

ದೌಲಪ್ಪ ಬಾಯಿ ತೆರೆದರು. ತೆರೆದು, ಬಂಡುವಿನ ಕಡೆ ನೋಡಿದರು. ಉತ್ತರ ಹೇಳುವ ಮೊದಲು ಹುಡುಗ ಮಾಸ್ತರನ ಕಡೆ ನೋಡುವ ಹಾಗೆ. ಬಾಯಿ ಮುಚ್ಚಿದರು.

ತಾನು ಅಲ್ಲಿ ಕುಳಿತಿರುವವರೆಗೆ ಆ ಮನೆಯಲ್ಲಿ ಚಂದಮ್ಮನ ಸಾವನ್ನು ಯಾರೂ ಹೇಳುವಂತಿಲ್ಲ ಎಂದು ಬಂಡುವಿಗೆ ಅರ್ಥವಾಯಿತು. ಎದ್ದ. ಬರ್ತೀನಿ ಅನ್ನಬಾರದು ಎಂದು ಆಯಿ ಹೇಳಿದ್ದಳು. ಏನನ್ನೂ ಅನ್ನಬೇಕಿಲ್ಲವಲ್ಲ ಎಂದು ಒಳಗೊಳಗೇ ಹಗುರವೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹೊರಗೆ ಕಟ್ಟೆಯ ಕೆಳಗೆ ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದಕ್ಕೆ ಕಾಲಿಡುವಾಗ ಒಳಗಿನಿಂದ ದನಿ ಕೇಳಿತು.

"ಸೋಮವಾರ ಮುಂಜಾನಿ ರೊಟ್ಟಿ ಬಡಿಯಾಕತ್ತಿದ್ದಳು, ಅತ್ತಿ. ಎರಡ ರೊಟ್ಟಿ ಆಗಿದ್ದವು. ಹಿಟ್ಟು ಸೊಲ್ಪ ಜಿಗಟ ಆಗ್ಯದ ಅಂದಳು..."

ಬಂಡು ಹಾಗೇ ನಿಂತ. ಈ ಹಿಟ್ಟಿನ ಮಾತು ಅವನು ಓದಿದ ಯಾವುದರಲ್ಲೂ ಇರಲಿಲ್ಲ. ಅತ್ತೆಗೆಂದೇ ಹೇಳುತ್ತಿದ್ದರು. ಅಷ್ಟರಲ್ಲಿ ದನಿ ನಿಂತಿತು. ತಲೆ ಎತ್ತಿ ನೋಡಿದರೆ, ತನ್ನ ನೆರಳು ಕಟ್ಟೆ ಹತ್ತಿ ಹೊಸ್ತಿಲ ಮೇಲೆ ಬಿದ್ದಿತ್ತು.

ಭಾಗಮ್ಮ ಅವನನ್ನೇ ನೋಡುತ್ತಿದ್ದಳು. ಬಂಡು ಇನ್ನೊಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆಗಿಳಿದ. ಹಿಂದೆ ದನಿ ಮತ್ತೆ ಶುರುವಾಯಿತು. ಅದು ಕಿವಿಗೆ ಬೀಳದಷ್ಟು ದೂರ ಹೋಗುವವರೆಗೂ ಅವನು ನಿಂತು ಚಪ್ಪಲಿ ಹಾಕಿಕೊಳ್ಳಲಿಲ್ಲ.