ಹೊಳ್ಳಿ ನೋಡಬಾರದ ಔಷಧ

ನೆಲಬೇವಿನ ಕಷಾಯ ಕುದಿಯುವಾಗ ಬೇವೂರಿನ ಆ ಮನೆಯೊಳಗೆ ಬೇರೆಯೇ ಒಂದು ಹೊತ್ತು ಇಳಿಯುತ್ತಿತ್ತು. ಬೆಳಕಿಂಡಿಯ ಬಿಸಿಲುಕೋಲನ್ನು ಹಿಡಿದು ಕಹಿ ಹಬೆ ಮೆಲ್ಲಗೆ ಮೇಲೇರುವುದನ್ನು ನೋಡುತ್ತ ಕಳಕಮ್ಮ ಮೈಮರೆತು ಕೂರುತ್ತಿದ್ದಳು. ಅದು ಅತ್ತೆಯಿಂದ ಬಂದ ಔಷಧ. ಅದರ ಕಟ್ಟಳೆಯೂ ಅತ್ತೆಯದೇ. ಚಳಿಜ್ವರಕ್ಕೆ ಕಷಾಯ ಕುಡಿದವರು ಹಿಂತಿರುಗಿ ನೋಡದೆ ಹೋಗಬೇಕು, ಒಂದು ತಿಂಗಳು ಈ ಹೊಸ್ತಿಲು ತುಳಿಯಬಾರದು, ತುಳಿದರೆ ಔಷಧ ಕೆಡುತ್ತದೆ. ಮೂವತ್ತು ವರ್ಷದಲ್ಲಿ ಒಬ್ಬರೂ ತುಳಿದಿರಲಿಲ್ಲ. ಹತ್ತಿ ಹೊಲದ ದಾರಿಯಲ್ಲಿ ಕರಗುವ ಬೆನ್ನುಗಳನ್ನು ನೋಡಿ, ಎಲ್ಲರೂ ಗುಣವಾದರು ಎಂದೇ ಅವಳು ನಂಬಿದ್ದಳು.

ಮಹಾಯುದ್ಧದಿಂದಾಗಿ ಚಳಿಜ್ವರದ ಕ್ವಿನೈನ್ ಗುಳಿಗೆ ಸಿಗುವುದೇ ಕಷ್ಟವಾಗಿದ್ದ ಆ ವರ್ಷ, ಕೊಪ್ಪಳದ ಡಾಕ್ಟರ್ ಅಮರಪ್ಪ ಈ ಕಷಾಯವನ್ನು ಪರೀಕ್ಷಿಸಲು ಸೂಕ್ಷ್ಮದರ್ಶಕದ ಪೆಟ್ಟಿಗೆಯೊಂದಿಗೆ ಬಂದರು. ಕುಡಿಯುವ ಮೊದಲೊಮ್ಮೆ, ಆಮೇಲೊಮ್ಮೆ ಬೆರಳಿನ ಒಂದು ಹನಿ ರಕ್ತ ನೋಡಬೇಕು ಎಂದರು. ಅತ್ತೆಯ ಔಷಧಕ್ಕೆ ಸಾಕ್ಷಿ ಕೇಳುತ್ತಾರಲ್ಲ ಎಂದು ಕಳಕಮ್ಮನಿಗೆ ಮನಸ್ಸು ಮುರಿಯಿತು.

ಅದೇ ವಾರ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಸಣ್ಣವ್ವನಿಗೆ ಚಳಿಜ್ವರ ಹತ್ತಿತು. ಬಸುರಿ ಎಂದು ಡಾಕ್ಟರು ತಮ್ಮಲ್ಲಿ ಉಳಿದಿದ್ದ ಗುಳಿಗೆ ತೆಗೆದರು. ಕಳಕಮ್ಮ ಬೇಡವೆಂದಳು. ಕೊನೆಗೆ ರಕ್ತ ನೋಡಲು ಮಾತ್ರ ಒಪ್ಪಿ, ಮಗಳಿಗೆ ತಾನೇ ಕಷಾಯ ಕುಡಿಸಿದಳು. ಕಟ್ಟಳೆಯೆಂದು ಬಸುರಿ ಮಗಳನ್ನು ಮನೆಯಿಂದ ಕಳಿಸುವಂತಿರಲಿಲ್ಲ.

ಮರುದಿನ ಸಣ್ಣವ್ವ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದಳು.

“ನಿಮ್ಮ ದುರ್ಬೀನಿಗೆ ಏನ್ ಕಾಣ್ತೈತೋ ಗೊತ್ತಿಲ್ರಿ, ಸಾಹೇಬ್ರ. ನನ್ನ ಕಣ್ಣಿಗೆ ಮಗಳು ಕಾಣ್ತಾಳ,” ಎಂದಳು ಕಳಕಮ್ಮ.

“ಇದು ದಿನ ಬಿಟ್ಟು ದಿನ ಬರೋ ಜ್ವರರಿ, ಅಮ್ಮಾರ. ಇವತ್ತು ಅದಕ್ಕ ಸೂಟಿ. ನಾಳಿ ಮಧ್ಯಾಹ್ನ ನೋಡೂಣು.”

ಮೂರನೆಯ ದಿನ, ಅದೇ ಹೊತ್ತಿಗೆ, ಸಣ್ಣವ್ವನ ಹಲ್ಲು ಕಟಕಟ ಎಂದವು. ಹೊದಿಸಿದ ಎರಡು ಕೌದಿಗಳೂ ಅವಳೊಂದಿಗೆ ನಡುಗಿದವು. ಕಷಾಯ ಕುಡಿದವರ ಮೂರನೆಯ ದಿನವನ್ನು ಕಳಕಮ್ಮ ಕಂಡದ್ದು ಅದೇ ಮೊದಲು. ಅವಳ ಕಣ್ಣ ಮುಂದೆ ಆ ಬೆನ್ನುಗಳೆಲ್ಲ ಒಂದೊಂದಾಗಿ ಮತ್ತೆ ನಡೆದುಹೋದವು.

“ಅವ್ರಿಗೂ ಹಿಂಗ ಆಗಿತ್ತೇನ್ರಿ?”

ಡಾಕ್ಟರು ಸಣ್ಣವ್ವನ ರಕ್ತದ ಹನಿಯನ್ನು ಮತ್ತೊಮ್ಮೆ ನೋಡಿ ಕಣ್ಣೆತ್ತಿದರು. “ನಿಮ್ಮ ಕಷಾಯ ಸುಳ್ಳು ಅನ್ನೂದಿಲ್ಲರಿ. ಒಬ್ಬರನ್ನ ನೋಡಿ ಹೇಳಾಕ ಬರೂದಿಲ್ಲ. ಆದ್ರ ಇಕಿ ರಕ್ತದಾಗ ರೋಗದ ಹುಳ ಇನ್ನೂ ಐತಿ.”

ಕಳಕಮ್ಮ ಗುಳಿಗೆಗಾಗಿ ಕೈ ಚಾಚಿದಳು.

ಸಣ್ಣವ್ವ ಚೇತರಿಸಿಕೊಂಡ ಮೇಲೆ, ಒಂದು ಬೆಳಿಗ್ಗೆ ಹೊನ್ನೂರಪ್ಪನೆಂಬ ರೈತ ಚಳಿಜ್ವರವೆಂದು ಬಂದ. ಕಳಕಮ್ಮ ಮೊದಲು ಅವನ ಬೆರಳನ್ನು ಡಾಕ್ಟರ ಮುಂದೆ ಹಿಡಿಸಿದಳು, ಆಮೇಲೆ ಕಷಾಯ ಕೊಟ್ಟಳು. ಅವನು ಕುಡಿದು, ಮುಖ ಕಿವುಚಿ, ಪದ್ಧತಿಯಂತೆ ಬೆನ್ನು ತಿರುಗಿಸಿ ನಡೆದ. ಕಳಕಮ್ಮ ಹೊಸ್ತಿಲವರೆಗೆ ಬಂದಳು.

“ಹೊನ್ನೂರಪ್ಪಾ, ಹೊಳ್ಳಿ ನೋಡು.”

ಅವನು ಅಂಜಿ ಅಲ್ಲೇ ನಿಂತ. ಔಷಧ ಕೆಡುವುದಿಲ್ಲವೇ ಎಂದು ಅತ್ತಲೇ ಮುಖಮಾಡಿ ಕೇಳಿದ.

“ಕೆಡೂದಿದ್ರ ಕೆಡ್ಲಿ. ನಾಡದು ಬಾ. ಜ್ವರ ಬಂದ್ರೂ ಬಾ, ಬರದಿದ್ರೂ ಬಾ.”

ಅವನು ಮೆಲ್ಲಗೆ ತಿರುಗಿದ. ಕಳಕಮ್ಮ ಅವನ ಮುಖವನ್ನು ನೋಡುತ್ತ ನಿಂತಳು.