ಸುಚಿತ್ರಾಳ ಅಪ್ಪ ಕುಣಿದದ್ದು

ಜಗಳೂರಿನ ಪುಷ್ಪಾ ಮದುವೆಗಳ ವಿಡಿಯೊ ತೆಗೆಯುತ್ತಾಳೆ. ಹತ್ತು ವರ್ಷದ ವಿಡಿಯೊಗಳೆಲ್ಲ ಅವಳ ಮನೆಯಲ್ಲಿದ್ದ ನಾಲ್ಕು ಡಿಸ್ಕಿನ ಸರ್ವರ್‌ನಲ್ಲಿದ್ದವು. ಒಂದು ದಿನ ಹೊನ್ನಾಳಿಯಿಂದ ಸುಚಿತ್ರಾ ಫೋನ್ ಮಾಡಿದಳು. "ಅಕ್ಕಾ, ನನ್ನ ಮದುವೇಲಿ ಅಪ್ಪ ಕುಣಿದಿದ್ದು ಕಳಿಸ್ರಿ. ಕುಣಿದೇ ಇಲ್ಲ ಅಂತ ವಾದ ಮಾಡ್ತಾರೆ."

ಪುಷ್ಪಾ ಹುಡುಕಲು ಕುಳಿತಾಗ ಎರಡನೆಯ ಡಿಸ್ಕಿನ ದೀಪ ಕೆಂಪಗಾಗಿತ್ತು. "ಅಯ್ಯೋ, ಒಂದು ಡಿಸ್ಕ್ ಕೆಟ್ಟೋಗೈತೆ," ಎಂದಳು.

"ಎಲ್ಲಾ ಹೋತೇನವ್ವ?" ಎಂದು ಅತ್ತೆ ಗಾದ್ರಮ್ಮ ಕೇಳಿದರು.

"ಇಲ್ಲತ್ತೆ. ಮೂರು ಹಿಂಡು ಕುರಿ ಅವೆ ಅನ್ಕೊಳ್ರಿ. ಒಟ್ಟು ಎಷ್ಟು ಅಂತ ಬೇರೆ ಬರೆದಿಟ್ಟೀವಿ. ಒಂದು ಹಿಂಡಿನ ಲೆಕ್ಕ ಮರೆತ್ರೆ?"

"ಒಟ್ಟರಾಗೆ ಉಳಿದೆರಡನ್ನ ಕಳೆದ್ರಾತು," ಎಂದರು ಕುರಿ ಸಾಕಿ ಬೆಳೆದ ಗಾದ್ರಮ್ಮ.

"ಅದಕ್ಕೇ ಪ್ಯಾರಿಟಿ ಅಂತಾರೆ. ನಾಲ್ಕನೇ ಡಿಸ್ಕಲ್ಲಿ ಆ ಒಟ್ಟು ಲೆಕ್ಕ ಐತೆ. ಆದ್ರೆ ಇನ್ನೊಂದು ಕೆಟ್ರೆ ಮುಗೀತು."

ಮರುದಿನ ಪುಷ್ಪಾ ದಾವಣಗೆರೆಯಿಂದ ಹೊಸ ಡಿಸ್ಕ್ ತಂದು ಹಾಕಿದಳು. ಸರ್ವರ್ ಲೆಕ್ಕ ಹಾಕುತ್ತಾ ಕಳೆದದ್ದನ್ನು ತುಂಬತೊಡಗಿತು. ಫ್ಯೂಸ್ ಹೋದೀತೆಂದು ಗಾದ್ರಮ್ಮ ಮಿಕ್ಸಿ ಮುಟ್ಟಲಿಲ್ಲ. ಚಟ್ನಿಯನ್ನು ಒರಳಲ್ಲೇ ರುಬ್ಬಿದರು.

ಸಂಜೆ ಕೆಲಸ ಮುಗಿಯಿತು. ವಿಡಿಯೊ ತೆರೆದರೆ, ವಾಲಗದವರ ಮುಂದೆ ಸುಚಿತ್ರಾಳ ಅಪ್ಪ ಶಿವಮೂರ್ತಪ್ಪ ಟವೆಲ್ ಬೀಸುತ್ತಾ ಕುಣಿಯುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಕಳಿಸಿದ ಐದೇ ನಿಮಿಷಕ್ಕೆ ಶಿವಮೂರ್ತಪ್ಪನವರೇ ಫೋನ್ ಮಾಡಿದರು.

"ಏನವ್ವ ಪುಷ್ಪಾ, ಇಷ್ಟು ಚೆಂದ ಕುಣೀತೀನಿ ಅಂತ ಅವತ್ತೇ ಹೇಳಾಕೆ ಏನಾಗಿತ್ತು?"