ಅಂಟು ಬಿಡಿಸಿದ ಲಕೋಟೆ

ಲಕೋಟೆ ಅವಳ ಕೈಗೆ ಬಂದದ್ದು ಮಂಗಳವಾರ ಸಂಜೆ, ಬಸ್ ಸ್ಟಾಪಿನಲ್ಲಿ. ಕೊಟ್ಟವಳು ನಾದಿನಿ, ಗಂಡನ ಒಬ್ಬಳೇ ತಂಗಿ. "ಬರೆದಿದ್ದೀನಿ ಅತ್ತಿಗೆ. ಅವರು ಹೇಳಿದ ಹಾಗೇನೇ ಅಂಟಿಸಿ ಮೇಲೆ ಸೈನೂ ಹಾಕಿದ್ದೀನಿ," ಎಂದವಳೇ ಬಂದ ಬಸ್ಸು ಹತ್ತಿ ಹೊರಟುಹೋದಳು. ಏನು ಬರೆದೆ ಎಂದು ಇವಳು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ದತ್ತು ಕೇಂದ್ರದವರ ನಿಯಮ ಹಾಗಿತ್ತು. ಮಗು ಬೇಕೆಂದು ಅರ್ಜಿ ಹಾಕಿದವರ ಮನೆಯನ್ನು ಕಾರ್ಯಕರ್ತೆಯೊಬ್ಬರು ಬಂದು ನೋಡುತ್ತಾರೆ. ಆ ದಿನ ಹತ್ತಿರದ ಸಂಬಂಧಿಯೊಬ್ಬರ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಅವರ ಕೈಗೆ ಒಪ್ಪಿಸಬೇಕು. ಈ ದಂಪತಿ ಮಕ್ಕಳೊಂದಿಗೆ ಹೇಗಿರುತ್ತಾರೆ, ನೀವು ಕಂಡಂತೆ ಬರೆಯಿರಿ ಎಂಬುದಷ್ಟೇ ಪ್ರಶ್ನೆ. ಅರ್ಜಿ ಹಾಕಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಡಾಕ್ಟರ ಸರ್ಟಿಫಿಕೇಟು, ಪೊಲೀಸರ ಪತ್ರ, ಮದುವೆಯ ಫೋಟೊ ಎಲ್ಲ ಹೋಗಿ ಸೇರಿದ್ದವು. ಉಳಿದದ್ದು ಈ ಭೇಟಿ ಒಂದೇ. ಇದು ಕೈತಪ್ಪಿದರೆ ಇಬ್ಬರ ವಯಸ್ಸೂ ಮೀರಿಹೋಗಿ ಇನ್ನೊಮ್ಮೆ ಅರ್ಜಿ ಹಾಕುವಂತಿರಲಿಲ್ಲ.

ಪತ್ರ ಬರೆಯಲು ನಾದಿನಿಯನ್ನು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಇವಳಿಗೆ ದಿಗಿಲು ಹತ್ತಿದ್ದೂ ಅದಕ್ಕೇ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾದಿನಿ ತನ್ನ ಮಗಳನ್ನು ಇವಳ ಬಳಿ ಬಿಟ್ಟು ಹೋಗಿದ್ದಳು. ನಿಂತಲ್ಲಿ ನಿಲ್ಲದ ಮಗು, ಹಾಗಾಗಿ ಮನೆಮಂದಿಗೆಲ್ಲ ಅದು ಬುಗುರಿ. ಆಗ ಅದಕ್ಕೆ ಎರಡೂವರೆ ವರ್ಷ. ಒಣಗಿದ ಬಟ್ಟೆ ತೆಗೆಯಲು ಇವಳು ಅತ್ತ ತಿರುಗಿದಷ್ಟು ಹೊತ್ತು, ಅಷ್ಟೇ. ಬುಗುರಿ ಹೊರಗಿನ ಮೆಟ್ಟಿಲ ಮೇಲಿಂದ ಕೆಳಗಿನವರೆಗೂ ಉರುಳಿತ್ತು. ಎಡಗೈ ಮುರಿಯಿತು, ಆರು ವಾರದಲ್ಲಿ ಕೂಡಿಕೊಂಡಿತು. ನಾದಿನಿ ಒಂದು ಮಾತೂ ಆಡಲಿಲ್ಲ. ಬೈದು ರಂಪ ಮಾಡಿದ್ದರೆ ಎಷ್ಟೋ ವಾಸಿ ಇತ್ತು ಎಂದು ಇವಳಿಗೆ ಈಗಲೂ ಅನಿಸುತ್ತಿತ್ತು.

ಅರ್ಜಿಯಲ್ಲಿ ಇದನ್ನು ಬರೆಯಬೇಕೇ ಎಂದು ಅವಳು ಗಂಡನನ್ನು ಕೇಳಿದ್ದಳು. ಗಂಡ ಬಸ್ ಕಂಡಕ್ಟರ್. ಯಾರೂ ಗಂಟೆ ಬಾರಿಸದೆ ಬಸ್ಸು ನಿಲ್ಲಿಸಬಾರದು, ಕೇಳಿದಾಗ ಹೇಳೋಣ ಎಂದುಬಿಟ್ಟಿದ್ದ.

ಅವಳಿಗೆ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಹನ್ನೊಂದು ವರ್ಷದಿಂದ ಲೈಬ್ರರಿಯ ಹರಿದ ಪುಸ್ತಕಗಳ ಅಂಟು ಬಿಡಿಸಿ, ಹೊಲಿದು, ಹೊಸ ರಟ್ಟು ಕಟ್ಟುತ್ತಿದ್ದಳು. ಬುಧವಾರ ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದ ಮೇಲೆ ಲಕೋಟೆಯನ್ನು ಮೇಜಿನ ಮೇಲಿಟ್ಟುಕೊಂಡಳು. ಸರಿಯಾಗಿ ಅಂಟಿದೆಯೋ ಇಲ್ಲವೋ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಶಾಯಿ ಹೀರುವ ಒತ್ತುಕಾಗದವನ್ನು ಒದ್ದೆ ಮಾಡಿ ಮಡಿಕೆಯ ಮೇಲೆ ಇಟ್ಟಳು. ನಾಲ್ಕು ನಿಮಿಷ ಕಾದು ಕಾಗದ ಮಡಿಸುವ ಮೂಳೆಯ ಚಪ್ಪಟೆ ಪಟ್ಟಿಯನ್ನು ಮೂಲೆಯಿಂದ ಒಳಕ್ಕೆ ಜಾರಿಸಿದಳು. ಒಂದು ಎಳೆಯೂ ಏಳದೆ ಲಕೋಟೆ ಬಾಯಿ ಬಿಟ್ಟಿತು.

ಪತ್ರ ಅರ್ಧ ಪುಟದಷ್ಟಿತ್ತು. "ಅಣ್ಣ ಅತ್ತಿಗೆ ಒಳ್ಳೆಯವರು. ನನ್ನ ಮಗಳು ಅವರ ಮನೆಯಲ್ಲಿ ಬಿದ್ದು ಕೈ ಮುರಿದುಕೊಂಡಳು. ಅದು ಯಾರ ಮನೆಯಲ್ಲಾದರೂ ಆಗಬಹುದಿತ್ತು, ನನ್ನ ಮನೆಯಲ್ಲೂ ಆಗಬಹುದಿತ್ತು. ಆದರೆ ಅಂದಿನಿಂದ ಅತ್ತಿಗೆ ಅವಳನ್ನು ಮುಟ್ಟಿಲ್ಲ. ನಾವು ಹೋದರೆ ಏನಾದರೂ ನೆಪ ಹೇಳಿ ಅಡುಗೆಮನೆ ಸೇರುತ್ತಾರೆ. ಮನೆಗೆ ಬರುವ ಮಗು ಒಂದು ದಿನ ಬಿದ್ದರೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಿಜ ಬರೆಯಿರಿ ಎಂದಿದ್ದಕ್ಕೆ ಬರೆದಿದ್ದೇನೆ."

ತಾನು ಮಗುವಿನಿಂದ ದೂರವಿರುವುದು ಯಾರಿಗೂ ಕಾಣುತ್ತಿಲ್ಲ ಎಂದು ಅವಳು ಮೂರು ವರ್ಷ ನಂಬಿದ್ದಳು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತಾಗಿತ್ತು.

ಹರಿದು ಹಾಕಲು ಧೈರ್ಯ ಬರಲಿಲ್ಲ. ಅಂಗಡಿಯ ಅಂಟನ್ನೇ ತೆಳ್ಳಗೆ ಸವರಿ, ಸಹಿಯ ಗೆರೆಗೆ ಗೆರೆ ಕೂಡಿಸಿ, ಮೇಲೆ ಎರಡು ದಪ್ಪ ನಿಘಂಟು ಹೇರಿದಳು. ಬಿಚ್ಚಿದ್ದೇ ಸುಳ್ಳೇನೋ ಎನ್ನುವ ಹಾಗೆ ಕೂತಿತು. ಗಂಡನಿಗೆ ಹೇಳಲಿಲ್ಲ. ಎರಡು ದಿನ ತಲೆ ಬಾಚಿಕೊಳ್ಳುವಾಗ, ಪಾತ್ರೆ ತೊಳೆಯುವಾಗ, ಒಂದು ಉತ್ತರವನ್ನು ಬಾಯಿಪಾಠ ಮಾಡಿದಳು: ಬುಗುರಿ ಪ್ರತಿ ಭಾನುವಾರ ಬರುತ್ತಾಳೆ, ನನ್ನ ತೊಡೆ ಬಿಟ್ಟು ಇಳಿಯುವುದೇ ಇಲ್ಲ.

ಶುಕ್ರವಾರ ಹತ್ತು ಗಂಟೆಗೆ ಕಾರ್ಯಕರ್ತೆ ಬಂದರು. ಗಿಡ್ಡ ಆಳು, ಮೆಲುದನಿ, ಹೆಗಲಿಗೆ ಭಾರದ ಚೀಲ. ಮನೆ ನೋಡಿದರು. ಬಚ್ಚಲಿನ ಚಿಲಕ ಹೊರಗಿನಿಂದ ತೆಗೆಯಲು ಬರುತ್ತದೆಯೇ ಎಂದು ಕೇಳಿದರು, ಔಷಧಿಯ ಗೂಡು ಎಷ್ಟು ಎತ್ತರದಲ್ಲಿದೆ ನೋಡಿದರು, ಕಿಟಕಿಯ ಸರಳನ್ನು ಒಮ್ಮೆ ಅಲುಗಿಸಿದರು. ಕೊನೆಗೆ ಕುರ್ಚಿಯಲ್ಲಿ ಕೂತು ಲಕೋಟೆ ಕೇಳಿದರು.

ಬೆರಳು ತೂರಿಸಲು ನೋಡಿದರು, ಆಗಲಿಲ್ಲ. ಉಗುರು ಹಾಕಿ ಎಳೆದರು. ಕಾಗದ ಹರಿಯಿತೇ ಹೊರತು ಅಂಟು ಬಿಡಲಿಲ್ಲ.

"ಇಷ್ಟು ಗಟ್ಟಿಯಾಗಿ ಅಂಟಿಸಿದ್ದನ್ನ ನಾನು ನೋಡೇ ಇಲ್ಲ," ಎಂದು ನಕ್ಕರು.

"ನಮ್ಮ ತಂಗಿ ಹಾಗೇನೇ ಮೇಡಂ," ಎಂದ ಗಂಡ. "ಒಂದ್ಸಲ ಬಾಯಿ ಮುಚ್ಚಿದ್ರೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ."

ಇಬ್ಬರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ಅವಳು ತನ್ನ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಎದ್ದು ಕತ್ತರಿ ತಂದುಕೊಟ್ಟದ್ದೂ ಅವಳೇ.

ಕಾರ್ಯಕರ್ತೆ ಪತ್ರವನ್ನು ಎರಡು ಸಲ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಅದನ್ನು ಮಡಿಸಿ ಚೀಲಕ್ಕೆ ಹಾಕಿ, ಪುಸ್ತಕ ತೆರೆದು, ಹವಾಮಾನ ವಿಚಾರಿಸುವವರ ದನಿಯಲ್ಲಿ ನಾದಿನಿಯ ಮಗಳು ಇಲ್ಲಿಗೆ ಬರುತ್ತಿರುತ್ತಾಳಾ ಎಂದು ಕೇಳಿದರು.

"ಪ್ರತಿ ಭಾನುವಾರ ಬರ್ತಾಳೆ," ಎಂದಳು ಅವಳು.

ಪೆನ್ನು ಓಡತೊಡಗಿತು. ತನ್ನ ಸುಳ್ಳು ನೀಲಿ ಶಾಯಿಯಲ್ಲಿ ಒಂದೊಂದೇ ಅಕ್ಷರವಾಗಿ ಕೂರುವುದನ್ನು ಅವಳು ತಲೆಕೆಳಗಾಗಿ ಓದಿದಳು. ಅದನ್ನು ಹೊಲಿದು, ರಟ್ಟು ಕಟ್ಟಿ, ಯಾವುದೋ ಕಪಾಟಿನಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮುಂದೆ ಈ ಮನೆಗೆ ದತ್ತು ಬಂದ ಮಗುವೇ ದೊಡ್ಡದಾಗಿ ಒಂದು ದಿನ ತೆಗೆದು ಓದಬಹುದು.

"ಬರೀಬೇಡಿ ಮೇಡಂ. ಅದು ಸುಳ್ಳು. ಲಕೋಟೆ ನಾನು ಬಿಚ್ಚಿ ಓದಿದ್ದೆ. ಮತ್ತೆ ಅಂಟಿಸಿದ್ದು ನಾನೇ."

ಗಂಡ ಅವಳ ಕಡೆ ತಿರುಗಿ, ಯಾವಾಗ ಎಂದಷ್ಟೇ ಕೇಳಿದ. ಕಾರ್ಯಕರ್ತೆ ಪೆನ್ನಿನ ಮುಚ್ಚಳ ಹಾಕಿದರು.

"ಇದನ್ನ ನಾನು ವರದೀಲಿ ಬರೀಲೇಬೇಕು."

"ಗೊತ್ತು."

"ಅವರು ಬರೆದಿರೋದು ನಿಜಾನಾ?"

"ನಿಜ. ನಾನು ಮುಟ್ಟಿದ್ರೆ ಮತ್ತೆ ಏನಾದ್ರೂ ಆಗುತ್ತೆ ಅನ್ಸುತ್ತೆ."

"ಹಾಗಿದ್ಮೇಲೆ ಮಗು ಯಾಕೆ ಬೇಕು?"

"ಹೆದರಿಕೆ ಮೂರು ವರ್ಷದ್ದು ಮೇಡಂ," ಎಂದಳು. "ಮಗು ಬೇಕು ಅನ್ನೋದು ಹದಿನಾಲ್ಕು ವರ್ಷದ್ದು."

ಕಾರ್ಯಕರ್ತೆ ಚೀಲ ಹೆಗಲಿಗೇರಿಸಿದರು. ಮುಂದಿನ ವಾರ ಇನ್ನೊಮ್ಮೆ ಬರುತ್ತೇನೆ, ಆಗ ನಾದಿನಿಯ ಮಗಳು ಇಲ್ಲಿರಬೇಕು, ಅವಳ ತಾಯಿ ಇರಬಾರದು ಎಂದರು. ನಾನು ಮೂಲೆಯಲ್ಲಿ ಕೂತು ನೋಡುತ್ತೇನೆ, ಅಷ್ಟೇ. ತಾಯಿ ಒಪ್ಪದಿದ್ದರೆ ಕಡತ ಇದ್ದ ಹಾಗೇ ಮೇಲಕ್ಕೆ ಹೋಗುತ್ತದೆ.

ಅವರು ಹೋದ ಮೇಲೆ ಗಂಡ ಬಹಳ ಹೊತ್ತು ಹರಿದ ಲಕೋಟೆಯನ್ನೇ ತಿರುಗಿಸುತ್ತ ಕೂತ. ನನಗೊಂದು ಮಾತು ಹೇಳಬಹುದಿತ್ತು ಎಂದ. ಆಮೇಲೆ, ತಂಗಿಗೆ ನಾನೇ ಫೋನ್ ಮಾಡುತ್ತೇನೆ ಎಂದು ಎದ್ದ. ಅವಳು ಬೇಡವೆಂದು ಅವನ ಕೈಯಿಂದ ಫೋನು ತೆಗೆದುಕೊಂಡಳು.

ಬಿಚ್ಚಿದ್ದು, ಓದಿದ್ದು, ಸುಳ್ಳು ಹೇಳಹೊರಟಿದ್ದು, ಕಾರ್ಯಕರ್ತೆ ಕೇಳಿದ್ದು, ಎಲ್ಲವನ್ನೂ ನಾದಿನಿಗೆ ಒಂದೇ ಉಸಿರಿಗೆ ಒಪ್ಪಿಸಿದಳು. ಆ ಕಡೆ ಯಾವುದೋ ನಲ್ಲಿಯ ನೀರು ಬೀಳುವುದು ಕೇಳುತ್ತಿತ್ತು. ನಾದಿನಿ ಅದನ್ನು ನಿಲ್ಲಿಸಿದಳು.

"ಪೂರ್ತಿ ಓದಿದ್ರಾ?"

"ಪೂರ್ತಿ."

"ಅದರಲ್ಲಿ ಒಂದು ಮಾತು ಬರೀಲಿಲ್ಲ ನಾನು. ಅತ್ತೆಗೆ ನನ್ನ ಮೇಲೆ ಯಾಕೆ ಕೋಪ ಅಂತ ಬುಗುರಿ ಕೇಳ್ತಾಳೆ ಅತ್ತಿಗೆ. ಬಿದ್ದಿದ್ದಕ್ಕೆ ಕೋಪಾನಾ, ಇನ್ಮೇಲೆ ಬೀಳಲ್ಲ ಅಂತ ಹೇಳು ಅಂತಾಳೆ."

ಅವಳು ಗೋಡೆಗೆ ಒರಗಿದಳು. ಕ್ಷಮಿಸು ಎನ್ನಲು ಹೊರಟಳು. ನಾದಿನಿ ಕಾಯಲೂ ಇಲ್ಲ.

"ಅವಳನ್ನ ಬಿಟ್ಟು ಹೋಗ್ತೀನಿ. ಆದ್ರೆ ಮುಂದಿನ ವಾರ ಅಲ್ಲ, ನಾಳೇನೇ. ಅವರ ಮುಂದೆ ಮೊದಲನೇ ಸಲ ಎತ್ಕೊಂಡ್ರೆ ಅದು ನಾಟಕ ಆಗುತ್ತೆ. ಬೆಳಿಗ್ಗೆ ಹತ್ತಕ್ಕೆ ಬರ್ತೀನಿ, ಒಳಗೆ ಬರಲ್ಲ. ವಾಪಸ್ ಎಷ್ಟೊತ್ತಿಗೆ ಬರ್ಲಿ, ನೀವೇ ಹೇಳಿ."

ಗಂಡನಿಗೆ ನಾಳೆ ಹಗಲು ಪಾಳಿ. ಮನೆಯಲ್ಲಿ ಅವಳೊಬ್ಬಳೇ. ಹನ್ನೊಂದಕ್ಕೆ ಎನ್ನಲು ಬಾಯಿ ತೆರೆದವಳು, "ಸಂಜೆ ಆರಕ್ಕೆ ಬಾ," ಎಂದಳು.